ಇಲಿಯ ಪಿತ್ತಕೋಶ ಎಲ್ಲಿದೆ?

ಆತ್ಮೀಯ ಅಧ್ಯಾಪಕ ಮಿತ್ರರೇ,

ಸಸ್ತನಿಗಳ ಅಂಗರಚನೆ ಕಲಿಸುವಾಗ ನಾನು ಒಂದು ಸಣ್ಣ ಕಿತಾಪತಿ ಮಾಡುತ್ತೇನೆ. ಮೇಣದ ತಟ್ಟೆಯ ಮೇಲೆ ಇಲಿಯನ್ನು ಅಂಗಾತ ಮಲಗಿಸಿ, ಪಾದಗಳಿಗೆ ಗುಂಡುಸೂಜಿ ಚುಚ್ಚಿ, ಹೊಟ್ಟೆಯ ಚರ್ಮ ಬಿಡಿಸಿದ ಮೇಲೆ, 'ಪಿತ್ತಕೋಶ ಹುಡುಕಿ' ಎಂದು ಹೇಳಿ ಕೈಕಟ್ಟಿ ನಿಲ್ಲುತ್ತೇನೆ. ಮಕ್ಕಳು ಚಿಮುಟದಿಂದ ಯಕೃತ್ತಿನ ಹಾಲೆಗಳನ್ನು ಒಂದೊಂದಾಗಿ ಎತ್ತಿ ಇಣುಕುತ್ತಾರೆ. ಸ್ವಲ್ಪ ಹೊತ್ತಿಗೆ ಯಾರಾದರೊಬ್ಬರು 'ಸಿಕ್ಕಿತು ಸರ್' ಎಂದು ಕೈಯೆತ್ತುವುದು ಖಂಡಿತ.

ಸಿಗಲು ಅಲ್ಲಿ ಏನೂ ಇಲ್ಲ. ಮನೆಯ ಸಣ್ಣ ಇಲಿಗೆ, ಮೌಸ್ ಎನ್ನುತ್ತೇವಲ್ಲ, ಅದಕ್ಕೆ ಪಿತ್ತಕೋಶ ಇದೆ. ತಟ್ಟೆಯ ಮೇಲಿರುವ ದೊಡ್ಡ ಜಾತಿಯ ಇಲಿಗೆ, ಅಂದರೆ ರ‍್ಯಾಟ್‌ಗೆ ಇಲ್ಲ. ಅದರ ಪಿತ್ತರಸ ಎಲ್ಲೂ ಶೇಖರವಾಗದೆ ನಾಳದ ಮೂಲಕ ನೇರವಾಗಿ ಸಣ್ಣ ಕರುಳಿಗೆ ಇಳಿಯುತ್ತದೆ.

ಮಕ್ಕಳನ್ನು ನೋಡಿ ನಗಬೇಡಿ. ಪ್ರಾಚೀನ ರೋಮಿನ ಕಾಲದ ಹೆಸರಾಂತ ವೈದ್ಯ ಗ್ಯಾಲೆನ್ ಕೋತಿ, ಹಂದಿ, ದನಗಳನ್ನು ಕೊಯ್ದು ನೋಡಿದವನು. ದನದ ಮಿದುಳಿನ ಬುಡದಲ್ಲಿರುವ ರಕ್ತನಾಳಗಳ ಬಲೆ ಮನುಷ್ಯನಿಗೂ ಇದೆ ಎಂದು ಬರೆದುಬಿಟ್ಟ. ಅದು ನಮಗಿಲ್ಲ. ಆದರೂ ಶತಮಾನಗಳ ಕಾಲ ವೈದ್ಯರು ಅದನ್ನೇ ಪಾಠ ಹೇಳಿದರು. 1543ರಲ್ಲಿ ಅಂಗರಚನಾ ತಜ್ಞ ವೆಸೇಲಿಯಸ್ ಅದನ್ನು ಅಲ್ಲಗಳೆದ. ನನಗೆ ಹೆಚ್ಚು ಇಷ್ಟವಾಗುವುದು ಅವನ ತಪ್ಪೊಪ್ಪಿಗೆ: ಮನುಷ್ಯನ ತಲೆ ಕೊಯ್ದು ತೋರಿಸುವಾಗ ತಾನೂ ಆ ಬಲೆಗೋಸ್ಕರ ಕುರಿಯದೋ ಎತ್ತಿನದೋ ತಲೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದೆ ಎಂದು ಅವನೇ ಬರೆದಿದ್ದಾನೆ!

ಹಾಗಾದರೆ ಚಾಕು ಯಾಕೆ, ಚಿತ್ರವೇ ಸಾಲದೇ ಎಂದು ಕೇಳುವವರಿಗೆ ನಾನು ಕುರಿಯ ಹೃದಯವನ್ನು ಕೊಡುತ್ತೇನೆ. ಕೊಯ್ಯುವ ಮೊದಲು ಹಿಸುಕಿ ನೋಡಲಿ. ಬಲ ಹೃತ್ಕುಕ್ಷಿ, ಅಂದರೆ ಹೃದಯದ ಬಲಗಡೆಯ ಕೆಳ ಕೋಣೆ, ಬೆರಳಿಗೆ ಬಗ್ಗುತ್ತದೆ, ಎಡದ್ದು ಬಗ್ಗುವುದಿಲ್ಲ. ಅದರ ಗೋಡೆ ಸುಮಾರು ಮೂರು ಪಟ್ಟು ದಪ್ಪ. ಬಲದ್ದು ರಕ್ತವನ್ನು ಶ್ವಾಸಕೋಶಗಳ ತನಕ ತಳ್ಳಿದರೆ ಸಾಕು, ಎಡದ್ದು ಇಡೀ ಮೈಗೆ ತಳ್ಳಬೇಕು. ಆಮೇಲೆ ಹೃದಯದಿಂದ ಮೈಗೆ ರಕ್ತ ಒಯ್ಯುವ ಮಹಾಪಧಮನಿಯ ಮೋಟು ತುದಿಯೊಳಗೆ ನಿಧಾನವಾಗಿ ನೀರು ಸುರಿಯಿರಿ. ಮೂರು ತೆಳು ಪದರಗಳು ಅಂಗಿಯ ಜೇಬಿನಂತೆ ತುಂಬಿ, ಒಂದಕ್ಕೊಂದು ಒತ್ತಿಕೊಂಡು ಬಾಗಿಲು ಹಾಕುತ್ತವೆ. ಆದರೂ ನೀರಿನ ಮಟ್ಟ ಮೆಲ್ಲಗೆ ಇಳಿಯುತ್ತದೆ. ಎಲ್ಲಿಗೆ? ಜೇಬುಗಳ ಮೇಲಂಚಿನಲ್ಲಿ ಕಡ್ಡಿ ಆಡಿಸಿದರೆ ಎರಡು ರಂಧ್ರಗಳು ಸಿಗುತ್ತವೆ. ಹೃದಯ ತನಗೆ ಬೇಕಾದ ರಕ್ತವನ್ನು ತೆಗೆದುಕೊಳ್ಳುವುದು ಅಲ್ಲಿಂದಲೇ. ನೀರು ಸೋರಿದ್ದರಿಂದ ಹುಟ್ಟಿದ ಈ ಪ್ರಶ್ನೆ ಯಾವ ಚಿತ್ರದಿಂದಲೂ ಹುಟ್ಟಿದ್ದನ್ನು ನಾನು ಕಂಡಿಲ್ಲ.

ಇದಕ್ಕಾಗಿ ತರಗತಿಗೊಂದು ಪ್ರಾಣಿ ಸಾಯಬೇಕಾಗಿಲ್ಲ. ಮಾಂಸದಂಗಡಿಯಲ್ಲಿ ಸಿಗುವ ಹೃದಯ, ಮೂತ್ರಪಿಂಡ, ಕಣ್ಣು ಬಹುಪಾಲು ಪಾಠಕ್ಕೆ ಸಾಕು. ಇಲಿಯೂ ನಾಲ್ವರಿಗೊಂದು ಇದ್ದರೆ ಧಾರಾಳ. ಯಾವ ಅಂಗ ಎಲ್ಲಿದೆ ಎಂದು ತಿಳಿಯಲು ಕಂಪ್ಯೂಟರಿನ ಮಾದರಿಯೇ ಒಳ್ಳೆಯದು, ಪ್ರಾಣಿಯ ದೇಹ ಕೆಡದಂತೆ ಇಡುವ ಫಾರ್ಮಲಿನ್ನಿನ ಉರಿಯೂ ಇಲ್ಲ. ಮನಸ್ಸಾಗದು ಎನ್ನುವ ವಿದ್ಯಾರ್ಥಿಯನ್ನು ಒತ್ತಾಯಿಸಬೇಡಿ. ಅಂಥವರಲ್ಲಿ ಕೆಲವರು ದೂರದಿಂದಲೇ ಉಳಿದವರಿಗಿಂತ ಚೆನ್ನಾಗಿ ನೋಡುತ್ತಾರೆ.

ಅಂದ ಹಾಗೆ, ಇಷ್ಟೆಲ್ಲ ಹುಡುಕಾಟದ ನಂತರವೂ ಪ್ರತಿ ವರ್ಷ ರೆಕಾರ್ಡ್ ಪುಸ್ತಕಗಳಲ್ಲಿ ಎರಡು ಮೂರು ಇಲಿಗಳಿಗೆ ಪಿತ್ತಕೋಶ ಇದ್ದೇ ಇರುತ್ತದೆ. ಅಂದವಾಗಿ, ಹಸಿರು ಬಣ್ಣ ತುಂಬಿ, ಬಾಣದ ಗುರುತು ಹಾಕಿ ಹೆಸರನ್ನೂ ಬರೆದಿರುತ್ತಾರೆ.