ಕಾಸರಗೋಡಿನ ಮಕ್ಕಳಿಗೆ ಸಿಮ್ಯುಲೇಶನ್ ಭಂಡಾರ

ಶ್ರೋತೃಗಳಿಗೆ ನಮಸ್ಕಾರ.

ಬ್ಯಾಟರಿಯೊಂದಕ್ಕೆ ಒಂದೇ ಬಗೆಯ ಎರಡು ಬಲ್ಬುಗಳನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ, ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ ಎಂದು ಮಕ್ಕಳನ್ನು ಕೇಳಿದಾಗ, ಮೊದಲನೆಯದು ಎನ್ನುವವರು ಬಹಳ ಮಂದಿ ಇರುತ್ತಾರೆ. ಮೊದಲ ಬಲ್ಬು ವಿದ್ಯುತ್ತಿನ ಒಂದು ಪಾಲನ್ನು ಖರ್ಚು ಮಾಡಿಬಿಡುತ್ತದೆ, ಉಳಿದದ್ದು ಮಾತ್ರ ಮುಂದಿನದಕ್ಕೆ ಹೋಗುತ್ತದೆ ಎಂಬುದು ಅವರ ತರ್ಕ. ತಂತಿಯೊಳಗೆ ಏನು ನಡೆಯುತ್ತದೆಂದು ಕಣ್ಣಿಗೆ ಕಾಣದಿರುವಾಗ ಹೀಗೆ ಯೋಚಿಸುವುದು ಸಹಜವೇ. ಅದೇ ಮಗು ಕಂಪ್ಯೂಟರಿನ ಪರದೆಯ ಮೇಲೆ ತಂತಿ, ಬ್ಯಾಟರಿ, ಬಲ್ಬುಗಳನ್ನು ಎಳೆದು ತಂದು ಜೋಡಿಸಿದರೆ, ತಂತಿಯುದ್ದಕ್ಕೂ ಇಲೆಕ್ಟ್ರಾನುಗಳು ನೀಲಿ ಚುಕ್ಕೆಗಳಾಗಿ ಸಾಗುವುದು ಕಾಣುತ್ತದೆ. ಎರಡನೆಯ ಬಲ್ಬನ್ನು ಸೇರಿಸಿದೊಡನೆ ವಿದ್ಯುತ್ ಮಂಡಲದ ಎಲ್ಲ ಚುಕ್ಕೆಗಳೂ ಒಟ್ಟಿಗೆ ನಿಧಾನವಾಗುತ್ತವೆ. ಬಲ್ಬಿನ ಈಚೆಗೊಂದು ವೇಗ, ಆಚೆಗೊಂದು ವೇಗ ಎಂಬುದಿಲ್ಲ; ಎರಡೂ ಬಲ್ಬುಗಳು ಸಮನಾಗಿ ಬೆಳಗುತ್ತವೆ. ಆ ಮಗು ಮತ್ತೆ ಮತ್ತೆ ಬಲ್ಬನ್ನು ತೆಗೆದು ಹಾಕಿ ನೋಡುತ್ತದೆ. ತನ್ನ ತರ್ಕವನ್ನು ತಾನೇ ತಿದ್ದಿಕೊಳ್ಳುತ್ತದೆ.

ಇಂಥ ಸಿಮ್ಯುಲೇಶನ್‌ಗಳ, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳ, ಬಹುದೊಡ್ಡ ಭಂಡಾರವೊಂದನ್ನು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಆರಂಭಿಸಿದವರು ಕಾರ್ಲ್ ವೈಮನ್. ಹಿಂದಿನ ವರ್ಷವಷ್ಟೇ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದಿದ್ದ ಅವರು ಕಲಿಸುವ ಕೆಲಸಕ್ಕೂ ಅಷ್ಟೇ ಶ್ರದ್ಧೆಯನ್ನು ತಂದರು. ಫೆಟ್ ಎಂಬ ಹೆಸರಿನ ಈ ಭಂಡಾರ ಬೆಳೆದ ಬಗೆಯನ್ನು ನಾವು ಮುಖ್ಯವಾಗಿ ಗಮನಿಸಬೇಕು. ಅಲ್ಲಿ ಒಂದು ಸಿಮ್ಯುಲೇಶನ್ ಸಿದ್ಧವಾಗುವ ಮೊದಲು ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಅದರ ಮುಂದೆ ಕೂರಿಸಿ, ಮನಸ್ಸಿನಲ್ಲಿ ಬಂದುದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಅದನ್ನು ಬಳಸುವಂತೆ ಕೇಳಿಕೊಳ್ಳುತ್ತಾರೆ. ವಿದ್ಯಾರ್ಥಿ ಎಲ್ಲಿ ತಡವರಿಸಿದನೋ, ಯಾವ ಚಿತ್ರವನ್ನು ತಪ್ಪಾಗಿ ಅರ್ಥಮಾಡಿಕೊಂಡನೋ ಅಲ್ಲಿ ತಿದ್ದುತ್ತಾರೆ. ಭಂಡಾರವನ್ನು ನಿಜವಾಗಿ ಬೆಳೆಸುವುದು ಈ ತಾಳ್ಮೆಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಲ್ಲಿನ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪರದೆಯ ಮೇಲೆ ಮಂಡಲಗಳನ್ನು ಜೋಡಿಸಿ ಕಲಿತವರು ನಿಜವಾದ ಉಪಕರಣಗಳಿಂದ ಕಲಿತವರಿಗಿಂತ ವಿಷಯವನ್ನು ಚೆನ್ನಾಗಿ ಗ್ರಹಿಸಿದ್ದರು. ಅಷ್ಟೇ ಅಲ್ಲ, ಬಳಿಕ ನಿಜವಾದ ಮಂಡಲವನ್ನು ಜೋಡಿಸಿ ವಿವರಿಸುವುದರಲ್ಲೂ ಮುಂದಿದ್ದರು. ಹಾಗೆಂದು ಶಾಲೆಯ ಪ್ರಯೋಗಾಲಯಕ್ಕೆ ಬೀಗ ಹಾಕಬಹುದೆಂದು ಯಾರೂ ತಿಳಿಯಬಾರದು.

ಚಲಿಸುವ ಚಿತ್ರಗಳ ಪಾಠಗಳನ್ನು ಬ್ರೌಸರಿನಲ್ಲಿ ತೋರಿಸುತ್ತಿದ್ದ ಫ್ಲ್ಯಾಶ್ ತಂತ್ರಜ್ಞಾನಕ್ಕೆ ಅಡೋಬಿ ಸಂಸ್ಥೆಯ ಬೆಂಬಲ 2020ರ ಡಿಸೆಂಬರ್ 31ಕ್ಕೆ ಮುಗಿದಾಗ, ಜಗತ್ತಿನಾದ್ಯಂತ ಅದರಲ್ಲಿ ರಚಿತವಾಗಿದ್ದ ಅಸಂಖ್ಯ ಪಾಠಗಳು ಬ್ರೌಸರಿನಲ್ಲಿ ತೆರೆಯದಾದವು. ಆದ್ದರಿಂದ ಹೊಸದಾಗಿ ಮಾಡುವವರು ಯಾವುದೇ ಒಂದು ಕಂಪನಿಯ ಹಿಡಿತದಲ್ಲಿಲ್ಲದ, ಎಚ್‌ಟಿಎಂಎಲ್ 5ರಂಥ ಮುಕ್ತ ಮಾನಕವನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಅಂಥ ಕಡತವನ್ನು ಒಮ್ಮೆ ಇಳಿಸಿಕೊಂಡರೆ ಸಾಕು, ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗದ ಗುಡ್ಡಗಾಡಿನ ಶಾಲೆಯಲ್ಲೂ ಪಾಠ ನಿಲ್ಲುವುದಿಲ್ಲ.

ಇನ್ನು ನಮ್ಮ ಕಾಸರಗೋಡಿನ ಮಾತು. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಕಂಪ್ಯೂಟರುಗಳಿವೆ, ಅವುಗಳಲ್ಲಿ ಯಾರು ಬೇಕಾದರೂ ಬಳಸಿ ಬದಲಾಯಿಸಬಹುದಾದ ಸ್ವತಂತ್ರ ತಂತ್ರಾಂಶವಿದೆ, ಕೇರಳದ ಶಾಲೆಗಳ ವಿದ್ಯಾರ್ಥಿ ಐಟಿ ಕೂಟವಾದ ‘ಲಿಟಲ್ ಕೈಟ್ಸ್’ ಘಟಕಗಳಲ್ಲಿ ಮಕ್ಕಳು ಅನಿಮೇಶನ್ ಮತ್ತು ಪ್ರೋಗ್ರಾಮಿಂಗ್ ಕಲಿಯುತ್ತಿದ್ದಾರೆ. ಬೇರೆಡೆ ಆಗಿರುವುದನ್ನು ಕನ್ನಡಕ್ಕೆ ತರುವ ಕೆಲಸ ನಡೆಯಲಿ. ಆದರೆ ನಮ್ಮ ನೆಲದ ವಿಜ್ಞಾನವನ್ನು ಕೊಲೊರಾಡೊದವರು ಬಂದು ಮಾಡಿಕೊಡಲಾರರು. ಬಾಯಾರು, ಪಡ್ರೆಯಂಥ ಊರುಗಳ ಸುರಂಗಗಳನ್ನೇ ತೆಗೆದುಕೊಳ್ಳಿ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ, ಒಬ್ಬ ಮನುಷ್ಯ ನುಸುಳುವಷ್ಟು ಅಗಲದ ಈ ಸುರಂಗಗಳಿಂದ ಪಂಪಿನ ಹಂಗಿಲ್ಲದೆ ನೀರು ಹರಿದು ಬರುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಬೇಸಿಗೆಯ ಕೊನೆಗೆ ಬಾವಿ ಏಕೆ ಬತ್ತುತ್ತದೆ, ಕೆಲವು ಸುರಂಗಗಳು ಏಕೆ ಬತ್ತುವುದಿಲ್ಲ ಎಂಬ ಪ್ರಶ್ನೆ ನಮ್ಮ ಮಕ್ಕಳ ಮನೆಯ ಪ್ರಶ್ನೆ.

ಪರದೆಯ ಮೇಲೆ ಗುಡ್ಡದ ಒಂದು ಸೀಳುನೋಟವಿರಲಿ. ಮೇಲೆ ರಂಧ್ರಗಳಿಂದ ತುಂಬಿದ ಮುರಕಲ್ಲು, ಕೆಳಗೆ ನೀರನ್ನು ಸುಲಭವಾಗಿ ಬಿಡದ ಶೇಡಿ ಮಣ್ಣು. ಮಳೆ, ಗುಡ್ಡದ ಇಳಿಜಾರು, ಸುರಂಗದ ಉದ್ದ, ಇವನ್ನು ಮಗು ತನ್ನ ಬೆರಳಿನಿಂದ ಹೆಚ್ಚು ಕಡಿಮೆ ಮಾಡುವಂತಿರಲಿ. ಲೆಕ್ಕಕ್ಕೆ ಫ್ರಾನ್ಸಿನ ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದ ನಿಯಮವಿದೆ: ಮರಳಿನಂಥ ಪದರದ ಮೂಲಕ ಹರಿಯುವ ನೀರಿನ ಪ್ರಮಾಣವು ನೀರಿನ ಮಟ್ಟಗಳ ಅಂತರಕ್ಕೆ ಅನುಗುಣವಾಗಿ ಹೆಚ್ಚುತ್ತದೆ, ಹಾದಿಯ ಉದ್ದ ಹೆಚ್ಚಿದಷ್ಟೂ ಕುಗ್ಗುತ್ತದೆ. ಗುಡ್ಡದ ತಲೆಯ ಮೇಲೆ ಮಳೆನೀರು ನಿಲ್ಲಿಸುವ ಮದಕವೊಂದನ್ನು ಇಟ್ಟರೆ ಒಳಗಿನ ನೀರಿನ ಮಟ್ಟ ಮೇಲೇರುವುದನ್ನೂ, ಪಕ್ಕದಲ್ಲಿ ಕೊಳವೆಬಾವಿ ಕೊರೆದು ಆ ಮಟ್ಟ ಸುರಂಗದ ತಳಕ್ಕಿಂತ ಕೆಳಗಿಳಿದಾಗ ನೀರು ಹರಿಸುವ ದಂಬೆಯಲ್ಲಿ ಬರುತ್ತಿದ್ದ ನೀರು ನಿಂತುಹೋಗುವುದನ್ನೂ ಮಗು ತಾನೇ ಮಾಡಿ ನೋಡಬಹುದು. ಮುರಕಲ್ಲಿನ ಬಿರುಕುಗಳನ್ನೆಲ್ಲ ತೋರಿಸಹೊರಟರೆ ಪರದೆ ಗೋಜಲಾಗುತ್ತದೆ. ಅವನ್ನು ಮೊದಲ ಆವೃತ್ತಿಯಲ್ಲಿ ಬಿಟ್ಟಿದ್ದೇವೆಂದು ಅಲ್ಲೇ ಬರೆದಿಟ್ಟರೆ ಸಾಕು.

ಈ ಕೆಲಸಕ್ಕೆ ಪ್ರೋಗ್ರಾಮ್ ಬರೆಯುವವರಷ್ಟೇ ಅಗತ್ಯವಾದವರು ಸುರಂಗ ಕೊರೆದ ಅನುಭವವುಳ್ಳ ಹಿರಿಯರು. ನಿಮ್ಮ ಸುರಂಗ ಎಷ್ಟು ಉದ್ದವಿದೆ, ಯಾವ ಮಣ್ಣು ಸಿಕ್ಕಿದಾಗ ಮೊದಲ ಒರತೆ ಕಂಡಿತು, ಯಾವ ತಿಂಗಳಲ್ಲಿ ನೀರು ತಗ್ಗುತ್ತದೆ ಎಂಬುದನ್ನು ದಯವಿಟ್ಟು ಸಮೀಪದ ಶಾಲೆಯ ವಿಜ್ಞಾನದ ಅಧ್ಯಾಪಕರಿಗೆ ತಿಳಿಸಿ. ಅಧ್ಯಾಪಕರು ಮಕ್ಕಳನ್ನು ಕರೆದುಕೊಂಡು ಅಳತೆ ಹಿಡಿಯಲು ಬಂದರೆ ಅವರಿಗೆ ಸುರಂಗದ ಬಾಯಿಯವರೆಗೆ ದಾರಿ ತೋರಿಸಿ.

ನಮಸ್ಕಾರ.