ಶಾಂತಿ ಬೇಕಾದರೆ ಸತ್ಯದಿಂದ ಶುರು ಮಾಡಿ: ಬೈಬಲ್ ಓದು, ಪ್ರಾರ್ಥನೆ, ತೀರ್ಮಾನ

[ದೃಶ್ಯ: ಬೆಳಗಿನ ಜಾವ, ದಾವಣಗೆರೆಯ ಪಿ.ಬಿ. ರಸ್ತೆ. ಅಂಗಡಿಗಳ ಬಾಗಿಲು ಇನ್ನೂ ತೆರೆದಿಲ್ಲ.]

ನಿರೂಪಣೆ:
ನಮಸ್ಕಾರ. ದಾವಣಗೆರೆ ಇರಲಿ, ಚಿತ್ರದುರ್ಗ ಇರಲಿ, ಭಾನುವಾರ ಆರಾಧನೆ ಮುಗಿದ ಮೇಲೆ ಪ್ರಾರ್ಥನೆ ಮಾಡಿಸಿಕೊಳ್ಳಲು ನಿಲ್ಲುವವರ ಬೇಡಿಕೆ ಹೆಚ್ಚುಕಮ್ಮಿ ಮೂರೇ. ಮನಸ್ಸಿಗೆ ಶಾಂತಿ ಇಲ್ಲ. ಯಾವುದು ನಿಜವೋ ತಿಳಿಯುತ್ತಿಲ್ಲ. ಮುಂದೇನು ಮಾಡಲಿ, ದೇವರು ದಾರಿ ತೋರಿಸಲಿ.

ಈ ಮೂರರ ಬಗ್ಗೆಯೂ ಯೇಸುಸ್ವಾಮಿ ಒಂದೇ ರಾತ್ರಿ ಮಾತಾಡಿದ್ದಾರೆ. ಶಿಲುಬೆಗೆ ಏರುವ ಹಿಂದಿನ ರಾತ್ರಿ ಅದು. ಬೈಬಲ್ಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ನಾಲ್ಕು ಪುಸ್ತಕಗಳಿಗೆ ಸುವಾರ್ತೆ ಎಂದು ಹೆಸರು; ಅವುಗಳಲ್ಲಿ ಯೋಹಾನನ ಸುವಾರ್ತೆ 14ನೇ ಅಧ್ಯಾಯ ತೆಗೆದರೆ ಸಿಗುತ್ತದೆ. ‘ನಾನೇ ಮಾರ್ಗವೂ ಸತ್ಯವೂ ಜೀವವೂ’ ಎನ್ನುವುದು 6ನೇ ವಚನ. ನನ್ನ ಶಾಂತಿಯನ್ನು ನಿಮಗೆ ಕೊಡುತ್ತೇನೆ ಎನ್ನುವುದು 27ನೇ ವಚನ. ಇವೆರಡರ ನಡುವೆ, ನನ್ನ ಮಾತಿನಂತೆ ನಡೆಯಿರಿ ಎಂದು ಮತ್ತೆ ಮತ್ತೆ ಹೇಳುತ್ತಾರೆ. ಮೊದಲು ಸತ್ಯ, ಆಮೇಲೆ ನಡತೆ, ಆಮೇಲೆ ಶಾಂತಿ. ನಾವು ಕೇಳುವುದು ತಿರುಗುಮುರುಗು: ಮೊದಲು ಶಾಂತಿ ಕೊಡು ಸ್ವಾಮಿ, ಉಳಿದದ್ದು ಆಮೇಲೆ ನೋಡೋಣ. ಪ್ರಾರ್ಥನೆ ಶುರು ಮಾಡಿದ ಕೆಲವೇ ವಾರಗಳಲ್ಲಿ ಎಷ್ಟೋ ಜನ ಕೈಬಿಡುವುದಕ್ಕೆ ಇದೇ ದೊಡ್ಡ ಕಾರಣ ಎಂದು ನಮ್ಮ ಅಭಿಪ್ರಾಯ. ಅದಕ್ಕೇ ಈ ವಿಡಿಯೋದಲ್ಲಿ ಸತ್ಯದಿಂದಲೇ ಹೊರಡುತ್ತೇವೆ.

[ಪರದೆಯ ಮೇಲೆ: ಎಲ್ಲಿಂದ ಓದಬೇಕು?]

ಹೊಸದಾಗಿ ಬೈಬಲ್ ಹಿಡಿದವರು ಮೊದಲ ಪುಟದಿಂದ ಆರಂಭಿಸುತ್ತಾರೆ. ಆದಿಕಾಂಡ ಸರಾಗವಾಗಿ ಸಾಗುತ್ತದೆ. ವಿಮೋಚನಕಾಂಡದ 25ನೇ ಅಧ್ಯಾಯದ ಹೊತ್ತಿಗೆ ದೇವದರ್ಶನದ ಗುಡಾರದ ಅಳತೆಗಳು ಬರುತ್ತವೆ, ಯಾಜಕಕಾಂಡದಲ್ಲಿ ಬಲಿಗಳ ನಿಯಮಗಳು ಬರುತ್ತವೆ. ಅಲ್ಲಿಗೆ ಪುಸ್ತಕ ಕಪಾಟು ಸೇರುತ್ತದೆ. ಆ ಭಾಗಗಳು ಬೇಡವೆಂದಲ್ಲ, ಅವಕ್ಕೆ ಆಮೇಲೆ ಹೊತ್ತು ಬರುತ್ತದೆ.

ಮಾರ್ಕನ ಸುವಾರ್ತೆಯಿಂದ ಆರಂಭಿಸಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ದಿನಕ್ಕೆ ಒಂದು ಅಧ್ಯಾಯ, ಬಾಯಿಬಿಟ್ಟು ಓದಿ. ಹತ್ತು ನಿಮಿಷದ ಒಳಗೆ ಮುಗಿಯುತ್ತದೆ. 14ನೇ ಅಧ್ಯಾಯದಲ್ಲಿ ಮಾತ್ರ 72 ವಚನಗಳಿವೆ, ಅದನ್ನು ಎರಡು ದಿನಕ್ಕೆ ಹಂಚಿಕೊಳ್ಳಿ. ಆಮೇಲೆ ಯೋಹಾನ, 21 ಅಧ್ಯಾಯ. ಅಲ್ಲಿಗೆ ಸುಮಾರು ಐದೂವರೆ ವಾರ. ಇದರ ಜೊತೆಗೆ ಬೈಬಲ್ಲಿನ ಕೀರ್ತನೆಗಳ ಪುಸ್ತಕದಿಂದ ದಿನಕ್ಕೊಂದು ಕೀರ್ತನೆ ಇರಲಿ. ಒಟ್ಟು 150 ಇವೆ, ಐದು ತಿಂಗಳ ಬುತ್ತಿ. ಓದಲು ಬಾರದ ಹಿರಿಯರು ಮನೆಯಲ್ಲಿದ್ದರೆ ಮೊಬೈಲಿನಲ್ಲಿ ಕನ್ನಡ ಆಡಿಯೋ ಬೈಬಲ್ ಹಾಕಿಕೊಡಿ.

ಓದಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಿರಿ. ಯೇಸು ಇಲ್ಲಿ ಏನು ಮಾಡಿದರು, ಏನು ಹೇಳಿದರು? ಎದುರಿಗಿದ್ದವರು ಹೇಗೆ ನಡೆದುಕೊಂಡರು? ಇವತ್ತು ನಾನು ಮಾಡಬೇಕಾದ ಒಂದು ಕೆಲಸ ಯಾವುದು? ಮೂರನೆಯದನ್ನು ‘ಎಲ್ಲರನ್ನೂ ಪ್ರೀತಿಸಬೇಕು’ ಎಂದು ಬರೆದರೆ ಉಪಯೋಗವಿಲ್ಲ. ಎರಡು ತಿಂಗಳಿಂದ ಮಾತು ಬಿಟ್ಟಿರುವ ತಮ್ಮನಿಗೆ ಸಂಜೆ ಫೋನ್ ಮಾಡುತ್ತೇನೆ ಎಂದು ಬರೆಯಿರಿ. ಮಾಡಿದಿರೋ ಇಲ್ಲವೋ ಎಂಬುದು ರಾತ್ರಿ ನಿಮಗೇ ಗೊತ್ತಾಗುತ್ತದೆ.

[ಪರದೆಯ ಮೇಲೆ: ಇದೆಲ್ಲ ನಿಜವೇ?]

ಈ ಪ್ರಶ್ನೆ ಕೇಳಿದರೆ ದೇವರಿಗೆ ಕೋಪ ಬರುತ್ತದೆ ಎಂದು ಹೆದರಬೇಡಿ. ಲೂಕನು ತನ್ನ ಸುವಾರ್ತೆಯ ಮೊದಲ ನಾಲ್ಕು ವಚನಗಳಲ್ಲೇ, ಕಣ್ಣಾರೆ ಕಂಡವರಿಂದ ಬಂದದ್ದನ್ನು ಮೊದಲಿನಿಂದ ವಿಚಾರಿಸಿ ಕ್ರಮವಾಗಿ ಬರೆದಿದ್ದೇನೆ ಎನ್ನುತ್ತಾನೆ. ಹೊಸ ಒಡಂಬಡಿಕೆಯ, ಅಂದರೆ ಬೈಬಲ್ಲಿನ ಎರಡನೆಯ ಭಾಗದ, ಹಲವು ಪತ್ರಗಳನ್ನು ಬರೆದ ಅಪೊಸ್ತಲ ಪೌಲನು ಇನ್ನೂ ನೇರ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೇ ಅಧ್ಯಾಯದಲ್ಲಿ, ಕ್ರಿಸ್ತನು ಸತ್ತವರೊಳಗಿಂದ ಎದ್ದು ಬಂದಿಲ್ಲವಾದರೆ ನಿಮ್ಮ ನಂಬಿಕೆ ವ್ಯರ್ಥ ಎಂದೇ ಹೇಳಿಬಿಡುತ್ತಾನೆ. ಎದ್ದವನನ್ನು ಐನೂರಕ್ಕಿಂತ ಹೆಚ್ಚು ಜನ ಒಟ್ಟಿಗೆ ಕಂಡರು, ಅವರಲ್ಲಿ ಬಹಳಷ್ಟು ಮಂದಿ ಇನ್ನೂ ಬದುಕಿದ್ದಾರೆ ಎಂದೂ ಬರೆಯುತ್ತಾನೆ. ಬೇಕಾದವರು ಹೋಗಿ ವಿಚಾರಿಸಲಿ ಎನ್ನುವ ಧೈರ್ಯ ಆ ಮಾತಿನಲ್ಲಿದೆ. ಬೆರೋಯ ಊರಿನವರು ಪೌಲನ ಬೋಧನೆ ಹೌದೋ ಅಲ್ಲವೋ ಎಂದು ದಿನವೂ ಶಾಸ್ತ್ರ ತೆಗೆದು ನೋಡುತ್ತಿದ್ದರು. ಅದಕ್ಕೆ ಅವರನ್ನು ಹೊಗಳಿದ್ದು ಅಪೊಸ್ತಲರ ಕೃತ್ಯಗಳು 17ರಲ್ಲಿದೆ.

[ದೃಶ್ಯ: ಅಂಗೈಯಲ್ಲಿ ಹಿಡಿಸುವ ಹಳೆಯ ಪಪೈರಸ್ ಚೂರಿನ ಚಿತ್ರ]

ಇನ್ನೊಂದು ಸಂಗತಿ. ಹತ್ತಿ ಗಿರಣಿಗಳ ಕಾಲದಲ್ಲಿ ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಇಂಗ್ಲೆಂಡಿನ ಆ ಮೂಲ ಮ್ಯಾಂಚೆಸ್ಟರಿನ ಜಾನ್ ರೈಲೆಂಡ್ಸ್ ಗ್ರಂಥಾಲಯದಲ್ಲಿ ಈಜಿಪ್ಟಿನಿಂದ ಬಂದ ಒಂದು ಪಪೈರಸ್ ಚೂರು ಇದೆ. ಹೊಸ ಒಡಂಬಡಿಕೆಯ ಅತಿ ಹಳೆಯ ಹಸ್ತಪ್ರತಿ ಎಂದು ಬಹಳ ವಿದ್ವಾಂಸರು ಎಣಿಸುವುದು ಅದನ್ನೇ. ಸಾಮಾನ್ಯವಾಗಿ ಅದನ್ನು 2ನೇ ಶತಮಾನಕ್ಕೆ ಸೇರಿಸುತ್ತಾರೆ. ಅದರ ಎರಡೂ ಬದಿಯಲ್ಲಿರುವುದು ಯೋಹಾನ 18ನೇ ಅಧ್ಯಾಯದ ಸಾಲುಗಳು, ರೋಮಿನ ಅಧಿಪತಿ ಪಿಲಾತನ ಮುಂದೆ ಯೇಸು ನಿಂತ ವಿಚಾರಣೆ. ಸತ್ಯಕ್ಕೆ ಸಾಕ್ಷಿ ಹೇಳಲು ಬಂದಿದ್ದೇನೆ ಎಂದು ಯೇಸು ಹೇಳುತ್ತಾರೆ. ಸತ್ಯವೆಂದರೇನು ಎಂದು ಪಿಲಾತ ಕೇಳುತ್ತಾನೆ, ಉತ್ತರಕ್ಕೆ ಕಾಯದೆ ಹೊರಗೆ ಹೋಗುತ್ತಾನೆ. ನಾವು ಪ್ರಶ್ನೆ ಕೇಳಬಹುದು. ಪಿಲಾತನಂತೆ ಎದ್ದು ಹೋಗಬಾರದು, ಅಷ್ಟೇ.

[ಪರದೆಯ ಮೇಲೆ: ನಮ್ಮೊಳಗಿನ ಸತ್ಯ]

ಶಾಂತಿ ಬಾರದಿರುವುದಕ್ಕೆ ಹೆಚ್ಚಿನ ಸಲ ಕಾರಣ ಇಲ್ಲಿರುತ್ತದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. 32ನೇ ಕೀರ್ತನೆಯಲ್ಲಿ ದಾವೀದನು, ಪಾಪವನ್ನು ಒಪ್ಪಿಕೊಳ್ಳದೆ ಸುಮ್ಮನಿದ್ದಾಗ ನನ್ನ ಎಲುಬುಗಳೇ ಸವೆದುಹೋದವು ಎನ್ನುತ್ತಾನೆ. ಮುಚ್ಚಿಟ್ಟದ್ದು ಮೈಯನ್ನೇ ತಿನ್ನುತ್ತದೆ.

ಒಂದು ಹಾಳೆ ತೆಗೆದುಕೊಂಡು ಇಪ್ಪತ್ತು ನಿಮಿಷ ಒಬ್ಬರೇ ಕೂರಿ. ಎಡಗಡೆ, ನಾನು ಯಾರಿಗೆ ತಪ್ಪು ಮಾಡಿದ್ದೇನೆ ಎಂದು ಹೆಸರು ಹಿಡಿದು ಬರೆಯಿರಿ. ಬಲಗಡೆ, ಅದನ್ನು ಸರಿಪಡಿಸಲು ಮಾಡಬೇಕಾದದ್ದನ್ನು ಬರೆಯಿರಿ. ಸಾಲವಿದ್ದರೆ ಮೊತ್ತ ಬರೆಯಿರಿ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಕಥೆಯಲ್ಲಿ, ಲೂಕ 19ರಲ್ಲಿ, ಅವನು ‘ಕ್ಷಮಿಸು ಸ್ವಾಮಿ’ ಎಂದಷ್ಟೇ ಹೇಳಿ ಕೂರಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ಸು ಎಂದು ಲೆಕ್ಕ ಹೇಳಿದ. ಈ ಮನೆಗೆ ಇಂದು ರಕ್ಷಣೆ ಆಯಿತು ಎಂದು ಯೇಸು ಅವನಿಗೆ ಹೇಳಿದ್ದು ಆಮೇಲೆ.

ಮತ್ತಾಯ 5:23-24 ಇದನ್ನೇ ಹೇಳುತ್ತದೆ. ಕಾಣಿಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು. ಹೋಗುವಾಗ ಒಂದು ಎಚ್ಚರ: ‘ನಾನು ತಪ್ಪು ಮಾಡಿದೆ, ಆದರೆ ನೀನೂ...’ ಎಂದು ಬಾಯಿ ತೆಗೆದರೆ ಕೆಲಸ ಕೆಟ್ಟಂತೆ. ‘ಆದರೆ’ ಬರುವ ಮುಂಚೆ ನಿಲ್ಲಿಸಿ. ಅವರು ಒಪ್ಪದಿದ್ದರೂ ನಿಮ್ಮ ಪಾಲಿನದು ಮುಗಿಯಿತು. ಕಥೋಲಿಕರಿಗೆ ಪಾಪನಿವೇದನೆಯ ಸಂಸ್ಕಾರ ಇದೆ, ಬೇರೆ ಸಭೆಗಳವರು, ಅಂದರೆ ಬೇರೆ ಚರ್ಚುಗಳವರು, ನಂಬಿಕಸ್ಥ ಪಾಸ್ಟರ್ ಅಥವಾ ಹಿರಿಯರ ಬಳಿ ಹೇಳಿಕೊಳ್ಳಬಹುದು. ಯಾರಾದರೂ ಒಬ್ಬ ಮನುಷ್ಯನ ಮುಂದೆ ಗಟ್ಟಿಯಾಗಿ ಹೇಳುವುದರಲ್ಲಿ ಬಿಡುಗಡೆ ಇದೆ.

[ಪರದೆಯ ಮೇಲೆ: ಚಿಂತೆಯನ್ನು ಪ್ರಾರ್ಥನೆ ಮಾಡುವುದು]

ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯ, 6 ಮತ್ತು 7ನೇ ವಚನ. ಯಾವುದಕ್ಕೂ ಚಿಂತಿಸದೆ, ಎಲ್ಲವನ್ನೂ ಕೃತಜ್ಞತೆಯೊಂದಿಗೆ ದೇವರಿಗೆ ತಿಳಿಸಿ, ಆಗ ಎಲ್ಲ ಗ್ರಹಿಕೆಗೂ ಮೀರಿದ ದೇವಶಾಂತಿ ನಿಮ್ಮ ಹೃದಯಗಳನ್ನು ಕಾಯುತ್ತದೆ. ಇದನ್ನು ಬರೆದಾಗ ಪೌಲನ ಕೈಗೆ ಬೇಡಿ ಬಿದ್ದಿತ್ತು, ಮೊದಲ ಅಧ್ಯಾಯದಲ್ಲಿ ಅವನೇ ಹೇಳುತ್ತಾನೆ. ಪತ್ರ ಹೋದದ್ದು ಅವನನ್ನು ಹಿಂದೊಮ್ಮೆ ಹೊಡೆದು ಸೆರೆಗೆ ಹಾಕಿದ ಅದೇ ಊರಿನ ಸಭೆಗೆ.

ಈ ಎರಡು ವಚನವನ್ನು ಹೀಗೆ ಬಳಸಿ. ಚಿಂತೆಯನ್ನು ಒಂದು ಪೂರ್ತಿ ವಾಕ್ಯ ಮಾಡಿ: ‘ಮಗಳ ಕಾಲೇಜಿನ ಫೀಸು 15ನೇ ತಾರೀಖಿನೊಳಗೆ ಕಟ್ಟಬೇಕು, ಕೈಯಲ್ಲಿ ಅರ್ಧವೇ ಇದೆ.’ ‘ಎಲ್ಲ ಕಷ್ಟ ನೀಗಿಸು’ ಎಂದು ಸಾರಾಸಗಟಾಗಿ ಕೇಳಿದರೆ ಮನಸ್ಸು ಅದೇ ಜಾಗದಲ್ಲಿ ಸುತ್ತುತ್ತದೆ. ಅದೇ ವಿಷಯದೊಳಗೆ ಕೃತಜ್ಞತೆಗೆ ಏನಿದೆ ಎಂದು ಹುಡುಕಿ: ಅರ್ಧವಾದರೂ ಇದೆ, ಮಗಳು ಓದುತ್ತಿದ್ದಾಳೆ. ಆಮೇಲೆ ಬೇಕಾದದ್ದನ್ನು ಕೇಳಿ. ಕೊನೆಗೆ ಎರಡು ನಿಮಿಷ ಮಾತಿಲ್ಲದೆ ಕೂರಿ. ಚಿಂತೆ ಮರುದಿನ ಮತ್ತೆ ಬಂದರೆ ಪ್ರಾರ್ಥನೆ ಫಲಿಸಲಿಲ್ಲ ಎಂದಲ್ಲ, ಮತ್ತೆ ಅದನ್ನೇ ಮಾಡಿ. ಬಾಯಿಗೆ ಮಾತೇ ಬಾರದ ದಿನ 13ನೇ ಕೀರ್ತನೆ ಓದಿ. ಆರೇ ವಚನ, ಅದರಲ್ಲಿ ‘ಎಷ್ಟರವರೆಗೆ’ ಎಂಬ ಕೂಗು ನಾಲ್ಕು ಸಲ ಬರುತ್ತದೆ. ದೇವರ ಮುಂದೆ ನಗುಮುಖದ ನಟನೆ ಬೇಕಾಗಿಲ್ಲ.

[ದೃಶ್ಯ: ಚಳ್ಳಕೆರೆ ಸೀಮೆಯ ಒಣಗಿದ ಶೇಂಗಾ ಹೊಲ]

ಮಳೆ ಕೈಕೊಟ್ಟ ವರ್ಷ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ರೈತರಿಗೆ ‘ನಂಬಿದರೆ ಬೆಳೆ ಬರುತ್ತದೆ’ ಎಂದು ಯಾರಾದರೂ ಹೇಳಿದರೆ, ಅದು ಬೈಬಲ್ಲಿನ ಮಾತಲ್ಲ. ಬೈಬಲ್ಲಿನಲ್ಲಿ ಪ್ರವಾದಿ ಹಬಕ್ಕೂಕನ ಪುಸ್ತಕದ ಕೊನೆಯಲ್ಲಿ ಇರುವುದೇ ಬೇರೆ: ಅಂಜೂರ ಚಿಗುರದಿದ್ದರೂ, ಹೊಲ ಆಹಾರ ಕೊಡದಿದ್ದರೂ, ಹಟ್ಟಿಯಲ್ಲಿ ಕುರಿದನ ಇಲ್ಲದಿದ್ದರೂ ನಾನು ಕರ್ತನಲ್ಲಿ ಉಲ್ಲಾಸಪಡುವೆನು. ಬೆಳೆ ಹೋಯಿತು ಎಂದು ಒಪ್ಪಿಕೊಂಡೇ ನಿಂತ ನಂಬಿಕೆ ಇದು. ಇಂಥ ಶಾಂತಿಯನ್ನು ಬರಗಾಲ ಕಸಿಯಲಾರದು.

ನಿದ್ದೆ, ಊಟವನ್ನೂ ಮರೆಯಬೇಡಿ. ಪ್ರವಾದಿ ಎಲೀಯನು ಸಾಯಬೇಕೆಂದು ಮರದಡಿ ಮಲಗಿದಾಗ ದೇವದೂತನು ಮೊದಲು ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ಊಟ ಕೊಟ್ಟ. ದೇವರ ಮೃದುವಾದ ಸ್ವರ ಕೇಳಿಸಿದ್ದು ಅದಾಗಿ ಎಷ್ಟೋ ದಿನದ ಮೇಲೆ. ಒಂದನೆಯ ಅರಸುಗಳು 19ರಲ್ಲಿ ಓದಿ ನೋಡಿ. ಎರಡು ವಾರಕ್ಕೂ ಮೇಲೆ ನಿದ್ದೆ ಇಲ್ಲ, ಯಾವುದೂ ಬೇಡ ಎನಿಸುತ್ತಿದೆ, ಇಲ್ಲವೇ ಸಾಯುವ ಯೋಚನೆ ಬರುತ್ತಿದೆ ಎಂದರೆ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಸುವಾರ್ತೆ ಬರೆದ ಲೂಕನನ್ನು ಪೌಲನು ‘ಪ್ರಿಯ ವೈದ್ಯ’ ಎಂದೇ ಕರೆದಿದ್ದಾನೆ. ಮಾತ್ರೆ ತೆಗೆದುಕೊಳ್ಳುವುದು ಅಪನಂಬಿಕೆ ಅಲ್ಲ.

[ಪರದೆಯ ಮೇಲೆ: ದಾರಿ ತೋರಿಸು ಎಂದರೆ]

ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ಬೈಬಲ್ ವಚನ ಬರೆದ ವಾಗ್ದಾನದ ಚೀಟಿ ಎತ್ತುತ್ತೇವೆ, ಮನೆಯ ಗೋಡೆಗೆ ವಚನದ ಕ್ಯಾಲೆಂಡರ್ ಹಾಕುತ್ತೇವೆ. ಉತ್ತೇಜನಕ್ಕೆ ಒಳ್ಳೆಯದೇ, ತೀರ್ಮಾನಕ್ಕೆ ಸಾಲದು. ಅವುಗಳಲ್ಲಿ ಹೆಚ್ಚು ಕಾಣುವ ವಚನ ಯೆರೆಮೀಯ 29:11, ನಿಮಗೆ ನಿರೀಕ್ಷೆಯ ಭವಿಷ್ಯ ಕೊಡುವ ಯೋಚನೆ ನನ್ನದು ಎಂಬುದು. ಅದರ ಹಿಂದಿನ ವಚನ ಯಾರೂ ಗೋಡೆಗೆ ಹಾಕುವುದಿಲ್ಲ. ಬಾಬೆಲಿಗೆ ಸೆರೆಯಾಗಿ ಹೋದ ಯೆಹೂದ್ಯರಿಗೆ ಬರೆದ ಮಾತು ಅದು; ಬಾಬೆಲಿನಲ್ಲಿ 70 ವರ್ಷ ತುಂಬಿದ ಮೇಲೆ ಎಂದಿದೆ ಅಲ್ಲಿ. ಅದಕ್ಕೂ ಮೊದಲು, ಮನೆ ಕಟ್ಟಿ, ತೋಟ ಮಾಡಿ, ಮದುವೆ ಮಾಡಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದಿದೆ. ಮೇಲಿನ ಹತ್ತು, ಕೆಳಗಿನ ಹತ್ತು ವಚನ ಓದದೆ ಯಾವ ವಚನದ ಮೇಲೂ ಕೆಲಸ ಬಿಡಬೇಡಿ, ಜಮೀನು ಮಾರಬೇಡಿ. ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟು ನೋಡುವುದಂತೂ ಬೇಡ. ಆಗ ಸಿಗುವುದು ನಮ್ಮ ಆಸೆಯ ಉತ್ತರ.

ಒಂದು ಉದಾಹರಣೆ. ಸಹಕಾರ ಸಂಘದ ಸಾಲಕ್ಕೆ ಗೆಳೆಯ ನಿಮ್ಮ ಜಾಮೀನು ಸಹಿ ಕೇಳುತ್ತಾನೆ. ಮೊದಲು, ಇದರ ಬಗ್ಗೆ ಶಾಸ್ತ್ರ ನೇರವಾಗಿ ಏನಾದರೂ ಹೇಳಿದೆಯೇ? ಹೇಳಿದೆ. ಜ್ಞಾನೋಕ್ತಿ 6:1-5, 11:15, 22:26 ಮೂರೂ ಕಡೆ ಹೊಣೆ ನಿಲ್ಲುವುದರ ಅಪಾಯವನ್ನು ಎಚ್ಚರಿಸುತ್ತವೆ. ಅವನು ಕಟ್ಟದಿದ್ದರೆ ನಾನು ಕಟ್ಟಬಲ್ಲೆನೇ ಎಂದು ಲೆಕ್ಕ ಹಾಕಿ. ಹೆಂಡತಿ ಅಥವಾ ಗಂಡನಿಗೆ ತಿಳಿಸಿ. ಆಲೋಚನೆ ಹೇಳುವವರು ಹಲವರಿದ್ದರೆ ಕಾರ್ಯ ಕೈಗೂಡುತ್ತದೆ ಎನ್ನುತ್ತದೆ ಜ್ಞಾನೋಕ್ತಿ 15:22, ಆದ್ದರಿಂದ ಇದರಿಂದ ಲಾಭವಿಲ್ಲದ ಇಬ್ಬರನ್ನು ಕೇಳಿ. ಯಾಕೋಬ 1:5ರಂತೆ ಜ್ಞಾನ ಬೇಡಿ, ಮೂರು ದಿನ ಬಿಟ್ಟು ಉತ್ತರ ಕೊಡಿ. ‘ಇವತ್ತೇ ಸಹಿ ಬೇಕು’ ಎಂಬ ಒತ್ತಡವೇ ಒಂದು ಸೂಚನೆ. ಕೊನೆಗೆ ಬೇಡ ಅನಿಸಿದರೆ, ಜಾಮೀನಿನ ಬದಲು ಕಳೆದುಹೋದರೂ ತಡೆದುಕೊಳ್ಳುವಷ್ಟು ಹಣವನ್ನು ಕೈಯೆತ್ತಿ ಕೊಡಬಹುದು.

ನಿನ್ನ ವಾಕ್ಯ ನನ್ನ ಕಾಲಿಗೆ ದೀಪ ಎನ್ನುತ್ತದೆ 119ನೇ ಕೀರ್ತನೆ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮೋಟಾರ್ ಹಾಕಲು ಬ್ಯಾಟರಿ ಹಿಡಿದು ಹೊಲಕ್ಕೆ ಹೋಗುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ: ಬೆಳಕು ಬೀಳುವುದು ಮುಂದಿನ ನಾಲ್ಕು ಹೆಜ್ಜೆಗೆ. ಪೌಲನಿಗೂ ಅಷ್ಟೇ. ಅಪೊಸ್ತಲರ ಕೃತ್ಯಗಳು 16ರಲ್ಲಿ ಎರಡು ಕಡೆ ದಾರಿ ಮುಚ್ಚಿ, ಆಮೇಲೆ ಮಕೆದೋನ್ಯ ಸೀಮೆಗೆ ಬಾ ಎಂಬ ಕರೆ ಬಂತು. ಕರೆಗೆ ಓಗೊಟ್ಟು ಹೋದ ಫಿಲಿಪ್ಪಿ ಊರಿನಲ್ಲೇ ಸೆರೆಮನೆ. ಕಷ್ಟ ಬಂದಾಕ್ಷಣ ದಾರಿ ತಪ್ಪಿತು ಎಂದುಕೊಳ್ಳಬೇಡಿ.

[ದೃಶ್ಯ: ಹರಿಹರ, ಆರೋಗ್ಯ ಮಾತೆಯ ಬಸಿಲಿಕಾ]

ಇದನ್ನೆಲ್ಲ ಒಬ್ಬರೇ ಮಾಡುವುದು ಕಷ್ಟ, ಸಭೆ ಬೇಕು. ಸೆಪ್ಟೆಂಬರ್ 8ರ ಹರಿಹರದ ಹಬ್ಬಕ್ಕೆ ಎಲ್ಲ ಧರ್ಮದವರೂ ಬರುತ್ತಾರೆ. ಆದರೆ ಬೇಕಾದದ್ದು ವಾರವಾರವೂ ನಿಮ್ಮ ಹೆಸರು ಹಿಡಿದು ವಿಚಾರಿಸುವ ಜನ. ಹೊಸ ಸಭೆಗೆ ಹೋಗುವಾಗ ನಾಲ್ಕು ಭಾನುವಾರ ಸುಮ್ಮನೆ ಕೂತು ಗಮನಿಸಿ. ಬೋಧನೆ ಒಂದು ಶಾಸ್ತ್ರಭಾಗವನ್ನು ಬಿಡಿಸುತ್ತದೆಯೇ, ಬರೀ ಬೋಧಕರ ಸಾಹಸವನ್ನೇ ಹೇಳುತ್ತದೆಯೇ? ಕಾಣಿಕೆಯ ಲೆಕ್ಕವನ್ನು ಒಬ್ಬರಿಗಿಂತ ಹೆಚ್ಚು ಜನ ನೋಡುತ್ತಾರೆಯೇ? ಪ್ರಶ್ನೆ ಕೇಳಿದವರನ್ನು ಹೇಗೆ ಕಾಣುತ್ತಾರೆ? ಪ್ರಾರ್ಥನೆಗೆ ಇಷ್ಟು ಹಣ ಎಂದರೆ, ಶುಗರ್, ಬಿಪಿ ಮಾತ್ರೆ ಬಿಡಿ ಎಂದರೆ, ಇಂಥವರನ್ನು ಮದುವೆಯಾಗು ಎಂದು ದೇವರೇ ತನಗೆ ಹೇಳಿದರು ಎಂದರೆ ಅಲ್ಲಿಂದ ಎದ್ದು ಬನ್ನಿ. ಉಚಿತವಾಗಿ ಹೊಂದಿದ್ದೀರಿ, ಉಚಿತವಾಗಿ ಕೊಡಿರಿ ಎಂಬುದು ಮತ್ತಾಯ 10:8ರಲ್ಲಿ ಯೇಸುಸ್ವಾಮಿಯದೇ ಅಪ್ಪಣೆ.