ಬಟನ್ ಒತ್ತುವ ಮುಂಚೆ

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ ದೊಡ್ಡದು. ತಂತ್ರಜ್ಞಾನ, ಮತದಾನ, ನಾವಿರುವ ಬೀದಿಯ ಸುಧಾರಣೆ. ಮೂರನ್ನೂ ಒಟ್ಟಿಗೆ ಹೊರುವ ಶಕ್ತಿ ನನಗಿಲ್ಲ. ಹಾಗಾಗಿ ಸಣ್ಣದರಿಂದ ಶುರು ಮಾಡುತ್ತೇನೆ. ನಿಮ್ಮೆಲ್ಲರ ಫೋನಿನಲ್ಲೂ ಇರುವ ವಾಟ್ಸಾಪ್ ಗುಂಪಿನ ಪೋಲ್, ಅಂದರೆ ಬಟನ್ ಒತ್ತಿ ಹಾಕುವ ಮತ.

ಒಂದು ಬೀದಿಯಲ್ಲಿ 15 ಮನೆ ಇವೆ ಅಂದುಕೊಳ್ಳಿ. ಎಲ್ಲರೂ ಸೇರಿ ಸ್ವಲ್ಪ ಹಣ ಕೂಡಿಸಿದ್ದಾರೆ. ಅದು ಒಂದೇ ಕೆಲಸಕ್ಕೆ ಸಾಲುತ್ತದೆ. ದೀಪ ಹಾಕಿಸಬೇಕೋ, ಚರಂಡಿ ರಿಪೇರಿಯೋ, ಕೂರಲು ಬೆಂಚೋ? ಯಾರೋ ಪೋಲ್ ಹಾಕುತ್ತಾರೆ. ದೀಪಕ್ಕೆ 5, ಚರಂಡಿಗೆ 5, ಬೆಂಚಿಗೆ 5. ಸರಿ ಹೋಯ್ತು!

ಆಗ ಗುಂಪಿನ ಅಡ್ಮಿನ್ ಹೇಳುತ್ತಾರೆ, "ಎರಡೆರಡನ್ನೇ ಹೋಲಿಸೋಣ, ಇತ್ಯರ್ಥ ಆಗುತ್ತದೆ." ಕೇಳಲು ಚೆನ್ನಾಗಿದೆ. ಈಗ ಒಳಗಿನ ಲೆಕ್ಕ ನೋಡಿ. ದೀಪ ಬೇಕೆಂದ ಐವರಿಗೆ, ಅದು ಸಿಗದಿದ್ದರೆ ಚರಂಡಿ, ಕೊನೆಗೆ ಬೆಂಚು. ಚರಂಡಿಯವರಿಗೆ ಎರಡನೆಯದು ಬೆಂಚು, ಕೊನೆಗೆ ದೀಪ. ಬೆಂಚಿನವರಿಗೆ ಎರಡನೆಯದು ದೀಪ, ಕೊನೆಗೆ ಚರಂಡಿ. ದೀಪವೋ ಚರಂಡಿಯೋ ಎಂದರೆ 10 ಜನ ದೀಪ ಅನ್ನುತ್ತಾರೆ. ಚರಂಡಿಯೋ ಬೆಂಚೋ ಎಂದರೆ 10 ಜನ ಚರಂಡಿ ಅನ್ನುತ್ತಾರೆ. ಹಾಗಾದರೆ ದೀಪ ಬೆಂಚನ್ನು ಸುಲಭವಾಗಿ ಸೋಲಿಸಬೇಕು, ಅಲ್ವಾ? ಇಲ್ಲ. ಬೆಂಚೋ ದೀಪವೋ ಎಂದು ಕೇಳಿದರೆ 10 ಜನ ಬೆಂಚು ಅನ್ನುತ್ತಾರೆ.

ಯಾರೂ ಸುಳ್ಳು ಹೇಳಿಲ್ಲ, ಯಾರಿಗೂ ಗೊಂದಲ ಇಲ್ಲ. ಆದರೂ ಬೀದಿ ಸುತ್ತ ಸುತ್ತುತ್ತಿದೆ. ಫ್ರಾನ್ಸಿನ ಕಾಂಡೊರ್ಸೆ ಇದನ್ನು 1785ರಲ್ಲೇ ಬರೆದಿಟ್ಟರು. ಗಣಿತ ಬಲ್ಲವರು. ಜನರ ತೀರ್ಮಾನದ ಮೇಲೆ ಬಹಳ ನಂಬಿಕೆ ಇಟ್ಟಿದ್ದವರು. ಪಾಪ, ಕ್ರಾಂತಿಯ ಗದ್ದಲದಲ್ಲಿ ಅವರೇ ಜೈಲು ಸೇರಿ 1794ರಲ್ಲಿ ಅಲ್ಲೇ ತೀರಿಕೊಂಡರು.

ನಮ್ಮ ಅಡ್ಮಿನ್‌ಗೆ ಈ ಗುಟ್ಟು ಗೊತ್ತಿದ್ದರೆ? ಮೊದಲ ಸುತ್ತಿನಲ್ಲಿ ಉಳಿದೆರಡನ್ನು ಹೋಲಿಸಿ, ತನಗೆ ಬೇಕಾದ್ದನ್ನು ಕೊನೆಗೆ ಉಳಿಸಿಕೊಂಡರೆ ಸಾಕು. ಕೊನೆಗೆ ಕಣಕ್ಕಿಳಿದದ್ದೇ ಗೆಲ್ಲುತ್ತದೆ. ಮನೆಗೆ ಹೋಗಿ ಕಾಗದದ ಮೇಲೆ ಮಾಡಿ ನೋಡಿ. ಪ್ರತಿ ಸುತ್ತಿನಲ್ಲೂ ಮೂರನೇ ಎರಡು ಭಾಗ ಬಹುಮತ ಇರುತ್ತದೆ. ಯಾರೂ ಬೆರಳು ತೋರಿಸುವ ಹಾಗಿಲ್ಲ.

ನಾನು ಇವತ್ತು ಹೇಳಬೇಕೆಂದಿರುವುದು ಇದೊಂದೇ. ಫೋನು ಬಂದ ಮೇಲೆ ಎಣಿಸುವುದು ಸುಲಭವಾಗಿದೆ. ಆದರೆ ಪ್ರಶ್ನೆ ಬರೆಯುವವರ ಕೈಯಲ್ಲಿರುವ ಅಧಿಕಾರ ಹಾಗೇ ಇದೆ. ಎಣಿಕೆ ಕ್ಷಣದಲ್ಲಿ ಮುಗಿಯುವುದರಿಂದ ಆ ಅಧಿಕಾರ ಯಾರ ಕಣ್ಣಿಗೂ ಬೀಳುವುದಿಲ್ಲ.

ಪ್ರಶ್ನೆಯನ್ನು ಪೂರ್ತಿ ಜನರಿಗೇ ಬಿಟ್ಟುಬಿಡಬಹುದಲ್ಲ ಎಂದು ನೀವು ಕೇಳಬಹುದು. ಬ್ರಿಟನ್ನಿನ ಒಂದು ಸಂಶೋಧನಾ ಮಂಡಳಿ 2016ರಲ್ಲಿ ಹಾಗೇ ಮಾಡಿತು. ಹೊಸ ಹಡಗಿಗೆ ಹೆಸರು ಸೂಚಿಸಿ ಎಂದು ಇಂಟರ್ನೆಟ್‌ನಲ್ಲಿ ಕೇಳಿತು. ಯಾರೋ ತಮಾಷೆಗೆ ಹಾಕಿದ 'ಬೋಟಿ ಮೆಕ್‌ಬೋಟ್‌ಫೇಸ್' ಭಾರಿ ಅಂತರದಲ್ಲಿ ಗೆದ್ದಿತು. ಮಂಡಳಿ ತಲೆ ಕೆರೆದುಕೊಂಡು ಹಡಗಿಗೆ ಡೇವಿಡ್ ಅಟೆನ್‌ಬರೋ ಹೆಸರಿಟ್ಟಿತು, ಗೆದ್ದ ಹೆಸರನ್ನು ನೀರಿನೊಳಗೆ ಓಡುವ ಒಂದು ಪುಟ್ಟ ವಾಹನಕ್ಕೆ ಕೊಟ್ಟಿತು. ಜನ ಬೇಜವಾಬ್ದಾರಿ ಎಂದು ಆಗ ಬೈದವರು ಬಹಳ. ನನಗೆ ಹಾಗನಿಸುವುದಿಲ್ಲ. ಹಡಗಿನ ಹೆಸರಿನಿಂದ ಯಾರ ಮನೆಗೆ ಏನು ಆಗಬೇಕಿತ್ತು? ತಮಾಷೆಯ ಪ್ರಶ್ನೆಗೆ ತಮಾಷೆಯ ಉತ್ತರ ಕೊಟ್ಟರು. ಅದೇ ಜನರನ್ನು ಅವರ ಮನೆ ಮುಂದಿನ ಚರಂಡಿ ಬಗ್ಗೆ ಕೇಳಿ, ಯಾರೂ ನಗುವುದಿಲ್ಲ.

ಇನ್ನು ಬಟನ್ ಒತ್ತದೇ ಇದ್ದವರ ವಿಷಯ. ಅಮೆರಿಕದ ಬಾಸ್ಟನ್ ನಗರದಲ್ಲಿ 2012ರ ಸುಮಾರಿಗೆ 'ಸ್ಟ್ರೀಟ್ ಬಂಪ್' ಎಂಬ ಆಪ್ ಬಂತು. ಕಾರಿನಲ್ಲಿ ಫೋನ್ ಇಟ್ಟುಕೊಂಡು ಹೋದರೆ ಸಾಕಿತ್ತು. ಗುಂಡಿಗೆ ಇಳಿದಾಗ ಆಗುವ ಕುಲುಕಾಟವನ್ನು ಫೋನೇ ಗುರುತಿಸಿ ಜಾಗದ ಸಮೇತ ಕಳಿಸುತ್ತಿತ್ತು. ಯಾರೂ ದೂರು ಬರೆಯಬೇಕಿರಲಿಲ್ಲ. ಎಂಥ ಜಾಣತನ! ಆದರೆ ಯೋಚಿಸಿ ನೋಡಿ. ಸ್ಮಾರ್ಟ್‌ಫೋನೂ ಕಾರೂ ಇರುವವರು ಓಡಾಡುವ ರಸ್ತೆಯ ಗುಂಡಿ ಮಾತ್ರ ಲೆಕ್ಕಕ್ಕೆ ಬರುತ್ತಿತ್ತು. ಬಡವರ, ವಯಸ್ಸಾದವರ ಬೀದಿ ನಕ್ಷೆಯಲ್ಲಿ ನುಣ್ಣಗೆ ಕಾಣುತ್ತಿತ್ತು. ಅಲ್ಲಿ ಗುಂಡಿ ಇರಲಿಲ್ಲವೆಂದಲ್ಲ, ಹೇಳುವ ಫೋನ್ ಇರಲಿಲ್ಲ. ಈ ಆಪ್ ಬಗ್ಗೆ ಆಗಲೇ ಈ ಮಾತು ಬಂದಿತ್ತು. ನಮ್ಮ 15 ಮನೆಗಳ ಪೋಲಿನಲ್ಲೂ ಹೀಗೇ. ಬಾಡಿಗೆಗೆ ಇರುವವರನ್ನು ಗುಂಪಿಗೆ ಸೇರಿಸಿದ್ದೀರಾ? ದಿನಾ ಬೀದಿ ಗುಡಿಸುವವರನ್ನು? ಚರಂಡಿಯ ವಿಷಯ ಅವರಿಗಿಂತ ಯಾರಿಗೆ ಜಾಸ್ತಿ ಗೊತ್ತು?

ಪೋಲಿನಲ್ಲಿ ಇನ್ನೊಂದು ತೊಡಕಿದೆ. ಯಾರು ಯಾವುದಕ್ಕೆ ಒತ್ತಿದರು ಎಂದು ಗುಂಪಿಗೆಲ್ಲ ಕಾಣುತ್ತದೆ. ಮೂರನೇ ಮನೆಯವರ ಮುಖ ನೋಡಿಕೊಂಡು ಐದನೇ ಮನೆಯವರು ಒತ್ತುತ್ತಾರೆ. ಒಂದು ಕಾಲಕ್ಕೆ ಇಂಗ್ಲೆಂಡಿನ ಚುನಾವಣೆಯಲ್ಲೂ ಜನರ ಎದುರಿಗೇ ಬಾಯಿ ಬಿಟ್ಟು ಮತ ಹೇಳಬೇಕಿತ್ತು. ಸರ್ಕಾರವೇ ಅಚ್ಚು ಹಾಕಿಸಿದ ಚೀಟಿ, ಮರೆಯಲ್ಲಿ ಗುರುತು ಹಾಕುವ ಪದ್ಧತಿ ಆಸ್ಟ್ರೇಲಿಯಾದಲ್ಲಿ 1856ರಲ್ಲಿ ಶುರುವಾಯಿತು. ಅಷ್ಟು ಕಷ್ಟಪಟ್ಟು ಗಳಿಸಿದ ಗುಟ್ಟನ್ನು ನಾವು ಸುಮ್ನೆ ಒಂದು ಆಪ್‌ಗೋಸ್ಕರ ಬಿಟ್ಟುಕೊಡುತ್ತಿದ್ದೇವೆ.

ದೊಡ್ಡ ಚುನಾವಣೆಗೂ ಫೋನೇ ಸಾಕು ಎನ್ನುವ ಮಾತು ಈಗೀಗ ಎಲ್ಲ ಕಡೆ ಕೇಳುತ್ತೇನೆ. ಎಸ್ಟೋನಿಯಾ 2005ರಿಂದ ಇಂಟರ್ನೆಟ್ ಮತದಾನ ನಡೆಸುತ್ತಿದೆ. ಅಲ್ಲಿ ಒಂದು ಚೆಂದದ ಏರ್ಪಾಡಿದೆ. ಪಕ್ಕದಲ್ಲಿ ಯಾರೋ ನಿಂತು ಒತ್ತಿಸಿದರು ಎಂದಿಟ್ಟುಕೊಳ್ಳಿ. ಆಮೇಲೆ ಒಬ್ಬರೇ ಕೂತು ಮತ ಬದಲಿಸಬಹುದು. ಕೊನೆಯದು ಮಾತ್ರ ಲೆಕ್ಕಕ್ಕೆ. ಜರ್ಮನಿಯ ಸಂವಿಧಾನ ನ್ಯಾಯಾಲಯ ಬೇರೆ ದಾರಿ ಹಿಡಿಯಿತು. ಅಲ್ಲಿ 2005ರ ಚುನಾವಣೆಯಲ್ಲಿ ಬಳಸಿದ ಮತಯಂತ್ರಗಳನ್ನು ಅದು 2009ರಲ್ಲಿ ಒಪ್ಪಲಿಲ್ಲ. ವಿಶೇಷ ತಿಳಿವಳಿಕೆ ಇಲ್ಲದ ಸಾಮಾನ್ಯ ನಾಗರಿಕನೂ ಎಣಿಕೆಯ ಮುಖ್ಯ ಹಂತಗಳನ್ನು ಪರೀಕ್ಷಿಸುವಂತಿರಬೇಕು ಎಂದಿತು. ಭಾರತದ ಮತಯಂತ್ರದ ಪಕ್ಕ ಚೀಟಿ 7 ಸೆಕೆಂಡು ಕಾಣಿಸಿ ಪೆಟ್ಟಿಗೆಗೆ ಬೀಳುವುದರ ಹಿಂದೆಯೂ ಇದೇ ಕಾಳಜಿ ಇದೆ. ನಾನು ಜರ್ಮನಿಯ ಕಡೆ. ಸೋತವರೂ ಲೆಕ್ಕ ಒಪ್ಪಬೇಕಲ್ಲ? ಗೆದ್ದವರಿಗೆ ಯಾವ ಯಂತ್ರವಾದರೂ ಸರಿಯೇ.

ಬೀದಿಯ ಕೆಲಸಕ್ಕೆ ನನಗೆ ಇಷ್ಟವಾದ ಉದಾಹರಣೆ ಮಾತ್ರ ಫೋನಿಗಿಂತ ಹಳೆಯದು. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಬಜೆಟ್ಟಿನ ಒಂದು ಪಾಲನ್ನು ಜನರ ಮುಂದಿಟ್ಟಿತು. ಬಡಾವಣೆ ಬಡಾವಣೆಯಲ್ಲಿ ಸಭೆ. ನೀರು, ಒಳಚರಂಡಿ, ರಸ್ತೆ, ಯಾವುದು ಮೊದಲು? ಗಂಟೆಗಟ್ಟಲೆ ಮಾತು, ಜಗಳ, ಆಮೇಲೆ ಮತ. ನಿಧಾನ, ಬೇಸರದ ಕೆಲಸವೇ. ಆದರೆ ತನ್ನ ಬೇಡಿಕೆ ಸೋತದ್ದೇಕೆ ಎಂದು ಅಲ್ಲಿ ಕೂತವನಿಗೆ ಗೊತ್ತಾಗುತ್ತಿತ್ತು. ಬೆಂಚು ಬೇಕು ಎಂದವರು ಯಾಕೆ ಹಾಗೆಂದರು ಎಂದು ನಮ್ಮ ಪೋಲ್ ಒಮ್ಮೆಯಾದರೂ ಹೇಳಿತೇ?

ನನ್ನ ಸಮಯ ಮುಗಿಯಿತು. ಪ್ರಶ್ನೆ ಇದ್ದವರು ಕೈ ಎತ್ತಿ. ಮೊದಲು ಯಾರಿಗೆ ಅವಕಾಶ ಎಂಬುದನ್ನು ಮಾತ್ರ ನಾನೇ ಆರಿಸುತ್ತೇನೆ, ಅದರ ಮೇಲೂ ಒಂದು ಕಣ್ಣಿಟ್ಟಿರಿ.